ಒಲೆಯ ಬಾಗಿಲಿಗೆ ಹೊಸ ಹಗ್ಗ

“ಹೊಗೆ ಬಂದ್ರೆ ಬರಲಿ ಬಿಡೇ. ಆ ನೆಪದಲ್ಲಾದ್ರೂ ಮೇಸ್ತ್ರಿ ಬರ್ತಾನಲ್ಲ,” ಎಂದಳು ಅಕ್ಕ.

ನನಗೆ ಮೈಯೆಲ್ಲ ಉರಿಯಿತು. ಮೂರು ಚಳಿಗಾಲದಿಂದ ಒಲೆ ಮೇಸ್ತ್ರಿ ನನ್ನ ಮನೆಗೆ ಬರುತ್ತಿದ್ದ. ಮನೆ ಬೆಚ್ಚಗಿಡಲು ಸೌದೆ ಉರಿಸುವ ಕಬ್ಬಿಣದ ಒಲೆಯ ಬಾಗಿಲು ನೋಡುತ್ತಿದ್ದ, ಆಮೇಲೆ ನನ್ನನ್ನು ನೋಡುತ್ತಿದ್ದ, ಸಿಕ್ಕಿಬಿದ್ದರೆ ಮತ್ತೆ ಬಾಗಿಲನ್ನೇ ನೋಡುತ್ತಿದ್ದ. “ಗ್ಯಾಸ್ಕೆಟ್ ಸವೆದಿದೆ, ಇನ್ನೊಂದ್ಸಲ ನೋಡೋಣ” ಎಂದು, ಬಾಗಿಲಂಚಿನಲ್ಲಿ ಹೊಗೆ ತಡೆಯುವ, ಬೆಂಕಿಗೆ ಸುಡದ ಹಗ್ಗದ ಒಂದು ತುಂಡು ಅಂಟಿಸಿ, ಟೀ ಆರುವವರೆಗೂ ಕೂತು ಹೋಗುತ್ತಿದ್ದ. ನನಗೂ ಅವನೆಂದರೆ ಇಷ್ಟ, ಮುಚ್ಚಿಡುವುದೇನು? ಆದರೆ ಒಲೆ ಕೆಟ್ಟಿದೆಯೆಂದು ಬರುವವನು ನನಗೆ ಬೇಡವಾಗಿತ್ತು.

“ಒಲೆ ಸರಿಯಾದ ಮೇಲೂ ಬರ್ತಾನಾ ನೋಡ್ಬೇಕು.”

“ಬರದೇ ಇದ್ರೆ?”

“ಬೆಚ್ಚಗಾದ್ರೂ ಇರ್ತೀನಿ.”

ಬಾಗಿಲು ಕಳಚಿ ನನ್ನ ಕಟಿಂಗ್ ಟೇಬಲ್ ಮೇಲೆ ಮಲಗಿಸಿದೆ. ಅಂಚಿನ ತೋಡಿನಲ್ಲಿ ಗಟ್ಟಿಯಾಗಿದ್ದ ಹಳೆಯ ಹಗ್ಗವನ್ನು ಸ್ಕ್ರೂಡ್ರೈವರ್‌ನಿಂದ ಕಿತ್ತು, ಉಳಿದ ಅಂಟನ್ನು ತಂತಿ ಬ್ರಷ್‌ನಿಂದ ಉಜ್ಜಿದೆ. ಅಂಗಡಿಯಿಂದ ತಂದ ಹೊಸ ಹಗ್ಗ ಕೂರಿಸುವುದು ನನಗೇನೂ ಕಷ್ಟವಲ್ಲ. ನಾನು ಕುಶನ್ ಹೊಲಿಯುವವಳು; ಅಂಚಿಗೆ ಕೂರಿಸುವ ಪೈಪಿಂಗ್ ಹುರಿಯನ್ನು ಎಳೆದು ಹೊಲಿದರೆ ಮೂಲೆ ಮುದುಡುತ್ತದೆ. ಇದನ್ನೂ ಎಳೆಯದೆ, ಮೂಲೆಗಳಲ್ಲಿ ತುಸು ಸಡಿಲ ಬಿಟ್ಟು, ಅಂಟಿನ ಮೇಲೆ ಬೆರಳಿನಿಂದ ಒತ್ತುತ್ತಾ ಹೋದೆ.

ಅಂಟು ಒಣಗಿ ಬಾಗಿಲು ಮತ್ತೆ ಸಿಕ್ಕಿಸಿದ ದಿನವೇ ಮೇಸ್ತ್ರಿ ಬಂದ. ಎಂದಿನಂತೆ ಬಾಗಿಲಿಗೆ ಕಾಗದದ ಚೀಟಿ ಸಿಕ್ಕಿಸಿ ಮುಚ್ಚಿ, ಎಳೆದು ನೋಡಿದ. ಸಡಿಲವಿದ್ದರೆ ಚೀಟಿ ಜಾರಬೇಕು. ಅದು ಹರಿಯಿತೇ ಹೊರತು ಜಾರಲಿಲ್ಲ. ಅವನ ಮುಖ ಇಳಿದುಹೋಯಿತು.

“ಯಾರು ಹಾಕಿದ್ದು?”

“ನಾನೇ.”

“ಚೆನ್ನಾಗಿ ಕೂತಿದೆ. ಹಾಗಾದ್ರೆ ಇನ್ನು ನಾನು ಬರೋ ಹಾಗಿಲ್ಲ.”

“ಒಲೆ ನೋಡೋಕೆ ಬರೋ ಹಾಗಿಲ್ಲ.”

ಅವನು ಚೀಲ ಎತ್ತಿಕೊಂಡು ಹೊರಟೇಬಿಟ್ಟ. ಕರೆಯಬೇಕೆನಿಸಿತು. ಕರೆದರೆ ಇಷ್ಟು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಲ್ಲು ಕಚ್ಚಿ ಸೌದೆ ಜೋಡಿಸುತ್ತಾ ಕೂತೆ.

ಮೆಟ್ಟಿಲ ಬಳಿ ಹೆಜ್ಜೆ ನಿಂತಿತು. ಚೀಲ ಹೊರಗೇ ಬಿಟ್ಟು ಅವನು ವಾಪಸು ಬಂದ.

“ಏನಾದ್ರೂ ಮರೆತ್ರಾ?”

“ಇಲ್ಲ.” ಈ ಸಲ ಅವನು ಬಾಗಿಲಿನ ಕಡೆ ನೋಡಲಿಲ್ಲ. “ಮೊದಲನೇ ವರ್ಷವೇ ಪೂರ್ತಿ ಬದಲಾಯಿಸಬಹುದಿತ್ತು. ಸರಿ ಮಾಡಿಬಿಟ್ರೆ ಮತ್ತೆ ಯಾವ ಮುಖ ಇಟ್ಕೊಂಡು ಬರೋದು ಅಂತ ಬಿಟ್ಟೆ.”

“ಅದಕ್ಕೆ ಇಷ್ಟು ವರ್ಷ ನನಗೆ ಹೊಗೆ ಕುಡಿಸಿದ್ರಾ?”

“ತಪ್ಪಾಯ್ತು. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ಹೇಳೋಕೆ ಧೈರ್ಯ ಇರಲಿಲ್ಲ.”

ಕೋಪವೂ ಬಂತು, ನಗುವೂ ಬಂತು.

“ಹೇಳೋಕೆ ಮೂರು ವರ್ಷ ತಗೊಂಡೋರು, ಉತ್ತರಕ್ಕೆ ಸ್ವಲ್ಪ ಕಾಯಿರಿ,” ಎಂದು ಕಡ್ಡಿ ಗೀರಿದೆ.

ಅವನು ನಿಂತೇ ಇದ್ದ. ಬೆಂಕಿ ಹತ್ತಿಕೊಂಡಿತು. ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಒಂದೆಳೆ ಹೊಗೆಯೂ ಆಚೆ ಬರಲಿಲ್ಲ. ಆಗ ತಿರುಗಿ, ಒಪ್ಪಿಗೆ ಎಂದೆ.