ಕೆಲಸ ಹಿಡಿಸ್ತಾ?

ಗಿರಾಕಿಗಳ ವಿಷಯದಲ್ಲಿ ನನ್ನ ಗಂಡ ಬಹಳ ನಾಜೂಕು. ನಾವು ಹಳೇ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸಿಕೊಡುತ್ತಿದ್ದೆವು. ಫೋನ್ ಮಾಡಿ "ಕೆಲಸ ಹಿಡಿಸ್ತಾ?" ಎಂದು ಕೇಳದೆ ಅವರು ಒಂದು ಬಿಲ್ಲನ್ನೂ ಕಳಿಸಿದವರಲ್ಲ.

ಅವರು ತೀರಿಕೊಂಡ ಮೇಲೆ ಮೈದುನ ಬಿಲ್ಲಿನ ಉಸಾಬರಿಯನ್ನೆಲ್ಲ ಎಐ ಸಹಾಯಕನಿಗೆ ವಹಿಸಿ, ಅದನ್ನು ಆನ್‌ಲೈನ್ ಪಾವತಿಗೆ ಜೋಡಿಸಿದ. ಆದರೆ ಮೊದಲ ಬಿಲ್ಲೇ ಹೋಗಲಿಲ್ಲ. ಯಾಕೆಂದು ಮೈದುನ ಟೈಪ್ ಮಾಡಿ ಕೇಳಿದ. "ಯಜಮಾನರು ಇನ್ನೂ ಗಿರಾಕಿಯನ್ನು ಕೇಳಿಲ್ಲ" ಎಂದು ಉತ್ತರ ಬಂತು.

"ಇದಕ್ಕೆ ಇದನ್ನೆಲ್ಲ ಯಾರು ಹೇಳಿಕೊಟ್ರು, ಅತ್ತಿಗೆ?"

ನಾನಂತೂ ಹೇಳಿರಲಿಲ್ಲ.

ಮಧ್ಯಾಹ್ನ ಬಿಲ್ಲು ತಾನಾಗಿ ಹೋಯಿತು. ಹಿಂದೆಯೇ ಗಿರಾಕಿ ಹೆಂಗಸು ನನ್ನ ಮೊಬೈಲಿಗೆ ಫೋನ್ ಮಾಡಿದಳು. "ದುಡ್ಡು ಹಾಕಿದೀನಿ. ಈಗಷ್ಟೇ ನಿಮ್ಮೆಜಮಾನ್ರು ಫೋನ್ ಮಾಡಿ ಕೇಳಿದ್ರಲ್ಲ, ತುಂಬಾ ಚೆನ್ನಾಗಿದೆ ಅಂದೆ. ಪಾಪ, ಗಂಟಲು ಕಟ್ಟಿತ್ತು."

ಅಂಗಡಿಯ ಹಳೇ ಫೋನಿನ ವೈರನ್ನು ಎಂದೋ ಕಿತ್ತುಹಾಕಿದ್ದೆವು. ಅದರ ರಿಸೀವರ್ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅವರ ಕೈಗೆ ಸದಾ ಮೆತ್ತಿರುತ್ತಿದ್ದ ಸೋಫಾ ಅಂಟಿನ ವಾಸನೆ ಹೊಡೆಯುತ್ತಿತ್ತು.

ಈಗ ಪ್ರತಿ ಬಿಲ್ಲಿಗೂ ಇದೇ ಕಥೆ. ಕಂಡಕಂಡವರನ್ನೆಲ್ಲ ಕೇಳುತ್ತಾರೆ. ಮದುವೆಯಾದಾಗಿನಿಂದ ಆ ಬಟ್ಟೆಗಳನ್ನೆಲ್ಲ ಹೊಲಿದವಳು ನಾನು. ಏನು ಹಿಡಿಸಿತು, ಏನು ಹಿಡಿಸಲಿಲ್ಲ ಎಂದು ನನ್ನನ್ನು ಒಂದು ದಿನವೂ ಕೇಳಿದವರಲ್ಲ. ನಾನು ಕಿವಿಗೆ ಹಿಡಿದರೆ ಮಾತ್ರ ಆ ರಿಸೀವರ್ ತಣ್ಣಗಾಗಿಬಿಡುತ್ತದೆ.