ಕಿಟಕಿಗೆ ಅಂಟಿಸಿದ ಮೂರು ಪಟ್ಟಿಗಳು

"ಇದು ನಮ್ಮಪ್ಪನ ಮುಖಾನಾ? ನೀವೇ ಹೇಳಿ!"

ಫೆನ್ನಾ ಫೋಟೋ ಚೌಕಟ್ಟನ್ನು ಕೌಂಟರ್ ಮೇಲೆ ಕುಕ್ಕಿದಳು. ಡಚ್ ಕರಾವಳಿಯ ಹಾರ್ಲಿಂಗನ್ ಬಂದರಿನ ಆ ಪುಟ್ಟ ಪ್ರಿಂಟರ್ ಅಂಗಡಿಯಲ್ಲಿ ಕಾಫಿ ಹೀರುತ್ತಿದ್ದ ಮಾಲೀಕ ವಿಟ್ಸೆ ಬೆಚ್ಚಿಬಿದ್ದ.

ಕಪ್ಪು-ಬಿಳುಪು ಫೋಟೋ. ಹಡಗಿನ ಮೇಲೆ ನಿಂತು ನಗುತ್ತಿರುವ ಒಬ್ಬ ಗಂಡಸು... ಕಪ್ಪೆಲ್ಲ ಕಂದುಬಣ್ಣವಾಗಿ, ಆ ನಗು ಅರ್ಧ ಅಳಿಸಿಹೋಗಿತ್ತು.

"ನಿಮ್ಮಂಗಡೀಲಿ ಕೊಂಡ ಪ್ರಿಂಟರ್‌ನಲ್ಲೇ ತೆಗೆದಿದ್ದು. ಇನ್ನೂ ಎರಡು ವರ್ಷ ಆಗಿಲ್ಲ!"

"ಎಲ್ಲಿ ತೂಗುಹಾಕಿದ್ರಿ?"

"ಅಮ್ಮನ ಹಾಲ್‌ನಲ್ಲಿ. ಬೀದಿ ಕಿಟಕಿ ಎದುರಿಗೆ."

"ಪರದೆ?"

"ಪರದೆ ಯಾಕೆ? ನಮ್ಮನೇಲಿ ಮುಚ್ಚಿಡೋಂಥದ್ದು ಏನಿದೆ?"

ವಿಟ್ಸೆಗೆ ನಗು ತಡೆಯಲಾಗಲಿಲ್ಲ. "ಪರದೆ ಹಾಕದ ನಮ್ಮೂರಲ್ಲಿ ಎಲ್ಲರ ಫೋಟೋನೂ ಹೀಗೇ ಬಿಸಿಲಿಗೆ ಹೋಗೋದು. ಎಲ್ಲರೂ ಟಾಯ್ಲೆಟ್‌ನಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರ್ ತೂಗುಹಾಕ್ತಾರಲ್ಲ, ಅದರ ಪಕ್ಕ ಹಾಕಿದ್ರೆ ಬಹಳ ವರ್ಷ ಬಾಳ್ತಿತ್ತು."

"ನಮ್ಮಪ್ಪನ್ನ ಟಾಯ್ಲೆಟ್‌ನಲ್ಲಿ ಹಾಕ್ಬೇಕಾ?!"

ಫೆನ್ನಾ ಚೌಕಟ್ಟನ್ನು ತನ್ನತ್ತ ಎಳೆದುಕೊಂಡಳು.

"ನೆಗೆಟಿವ್ ಇದೆ, ತಂದಿದೀನಿ. ಇನ್ನೊಂದು ಪ್ರಿಂಟ್ ಕೊಡ್ತೀನಿ ಅಂದೆ. ಅಮ್ಮ ಬೇಡ ಅಂದ್ಳು. 'ಒಂದ್ಸಲ ಅವರು ಹೋಗಿದ್ದನ್ನ ನೋಡ್ದೆ, ಆಮೇಲೆ ಗೋಡೆ ಮೇಲೂ ಹೋಗಿದ್ದನ್ನ ನೋಡ್ದೆ. ಮೂರನೇ ಸಲ ನನ್ನ ಕೈಲಾಗಲ್ಲ. ಮಾಸದೇ ಇರೋದು ಸಿಕ್ಕಿದ್ರೆ ತಾ' ಅಂದ್ಳು. ಎಂಬತ್ತೆರಡು ವಯಸ್ಸು ಅವಳಿಗೆ..."

ವಿಟ್ಸೆಯ ನಗು ಆರಿಹೋಯಿತು. ನೆಗೆಟಿವ್ ಸ್ಕ್ಯಾನ್ ಮಾಡಿ, ಅದೇ ಚಿತ್ರವನ್ನು ಮೂರು ಪ್ರಿಂಟರ್‌ಗಳಲ್ಲಿ ಪಟ್ಟಿ ಪಟ್ಟಿಯಾಗಿ ತೆಗೆದ. ಒಂದು ಅವಳ ಮನೆಯ ಪ್ರಿಂಟರಿನಂಥದೇ, ತೆಳು ಶಾಯಿಯದು. ಎರಡನೆಯದು ಬಣ್ಣಗಳನ್ನೇ ಬೆರೆಸಿ ಬೂದು ಮಾಡುವಂಥದ್ದು. ಮೂರನೆಯದರಲ್ಲಿ ಬರೀ ಕಪ್ಪು ಮತ್ತು ಬೂದು ಶಾಯಿಗಳು.

"ಪ್ರತಿ ಪಟ್ಟೀಲೂ ಅರ್ಧ ರಟ್ಟಿನಿಂದ ಮುಚ್ಚಿ ನಿಮ್ಮ ಕಿಟಕಿಗೆ ಅಂಟಿಸೋಣ. ನನ್ನ ಮಾತು ನಂಬ್ಬೇಡಿ, ಬಿಸಿಲೇ ಹೇಳ್ಲಿ. ಮೂರು ತಿಂಗಳು ನೋಡೋಣ. ಯಾವ ಪಟ್ಟಿ ಮಾಸದೆ ಉಳಿಯುತ್ತೋ ಆ ಪ್ರಿಂಟರನ್ನ ತಗೊಳ್ಳಿ."

ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ವಿಟ್ಸೆಯ ಸೈಕಲ್ ಅವಳ ಮನೆ ಮುಂದೆ. ರಟ್ಟು ಸರಿಸಿ, ಭೂತಗನ್ನಡಿ ಹಿಡಿದು ನೋಡುತ್ತಿದ್ದ. ಫೆನ್ನಾ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಿದ್ದಳು. ನಾಲ್ಕನೇ ಶನಿವಾರ ಎರಡನೆಯ ಬಿಸ್ಕತ್ತೂ ಕೊಟ್ಟಳು. ಬಂದವರಿಗೆ ಒಂದೇ ಬಿಸ್ಕತ್ತು ಕೊಡುವ ನಮ್ಮೂರಲ್ಲಿ ಅದೇನು ಸಣ್ಣ ಮಾತಲ್ಲ! 'ನೀವು' ಹೋಗಿ 'ನೀನು' ಬಂದಿದ್ದೂ ಅಂದೇ.

ಐದನೇ ವಾರಕ್ಕೆ ಎಲ್ಲ ಸ್ಪಷ್ಟವಾಗಿತ್ತು. ಮೊದಲನೆಯದು ಮಾಸಿತ್ತು. ಎರಡನೆಯದು ಹಸಿರಿಗೆ ತಿರುಗಿತ್ತು. ಮೂರನೆಯದು ಇದ್ದ ಹಾಗೇ ಇತ್ತು.

"ಏನನ್ಸುತ್ತೆ?" ವಿಟ್ಸೆ ಕೇಳಿದ.

ಹೇಳಿಬಿಟ್ಟರೆ ಇವನು ಮತ್ತೆ ಬರುವುದಿಲ್ಲ, ಅಂದುಕೊಂಡಳು ಫೆನ್ನಾ.

"ಗೊತ್ತಾಗ್ತಿಲ್ಲ. ಇನ್ನೊಂದು ವಾರ ನೋಡೋಣ."

"ಸರಿ," ಅಂದ ಅವನು, ಪಟ್ಟಿಗಳ ಮೇಲಿನ ಕಣ್ಣು ಕೀಳದೆ.

ಕಲ್ಲು ಮನುಷ್ಯ! ನನ್ನನ್ನ ಒಂದ್ಸಲ ನೋಡಿದ್ರೆ ಇವನ ಗಂಟೇನು ಹೋಗುತ್ತೆ?

ಭಾನುವಾರ ಅಮ್ಮನ ಮನೆಗೆ ಹೋದಾಗ ಅವಳು ಖಾಲಿ ಗೋಡೆಯ ಕಡೆ ನೋಡುತ್ತಾ ಕೇಳಿದಳು, "ಸಿಕ್ತೇನೇ?"

"ಇನ್ನೂ ಇಲ್ಲಮ್ಮ."

ಆ ಸುಳ್ಳು ಆರು ಭಾನುವಾರ ನಡೆಯಿತು. ಪ್ರತಿ ಸಲ ಫೆನ್ನಾ ಈ ಶನಿವಾರ ನಿಜ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದಳು. ಆದರೂ ಶನಿವಾರ ಬಂದರೆ ನಾಲಿಗೆ ಮತ್ತದೇ ಹೇಳುತ್ತಿತ್ತು. ಏನು ಮಾಡಿದರೂ ತನ್ನನ್ನು ತಾನು ತಡೆಯಲಾಗಲಿಲ್ಲ.

ಏಳನೆಯ ಭಾನುವಾರ ಬರಲೇ ಇಲ್ಲ. ಗುರುವಾರ ಮಧ್ಯಾಹ್ನ ಅಮ್ಮನ ಪಕ್ಕದ ಮನೆಯವರ ಫೋನ್ ಬಂತು. ಅಮ್ಮ ಅಡುಗೆಮನೆಯಲ್ಲಿ ಕುಸಿದಿದ್ದಳು. ಲಕ್ವ.

ಫೆನ್ನಾ ಅಂಗಡಿಗೆ ಓಡಿದಳು.

"ಮೂರನೇದು! ಮೂರನೇದು ಅಂತ ನಂಗೆ ಯಾವಾಗ್ಲೋ ಗೊತ್ತಿತ್ತು... ನೀನು ಬರೋದು ನಿಂತುಹೋಗುತ್ತೆ ಅಂತ ಸುಳ್ಳು ಹೇಳ್ದೆ. ಈಗ್ಲೇ ಪ್ರಿಂಟ್ ಮಾಡಿಕೊಡು ವಿಟ್ಸೆ, ಅಮ್ಮ ಆಸ್ಪತ್ರೇಲಿದಾಳೆ!"

ವಿಟ್ಸೆಯ ಮುಖ ಬಿಳಿಚಿತು. ಡ್ರಾಯರ್ ಎಳೆದು ಒಂದು ಚೌಕಟ್ಟು ಹೊರತೆಗೆದ. ಅಪ್ಪ, ಪೂರ್ತಿ ನಗುವಿನೊಂದಿಗೆ...

"ಐದನೇ ವಾರದಲ್ಲೇ ಮಾಡಿಟ್ಟಿದ್ದೆ. ಕೊಟ್ರೆ ನೀನು ಬಾಗಿಲು ಹಾಕ್ಕೋತೀಯ ಅಂತ... ನಿನ್ನ ಮುಖ ನೋಡಿದ್ರೆ ಬಾಯಿಬಿಟ್ಟು ಹೇಳಿಬಿಡ್ತಿದ್ದೆ. ಅದಕ್ಕೇ ನೋಡ್ತಿರ್ಲಿಲ್ಲ."

"ಗೊತ್ತಿದ್ದೂ ನಮ್ಮಮ್ಮನ್ನ ಕಾಯಿಸಿದ್ಯಾ?"

ಕೇಳಿದವಳೇ ಚೌಕಟ್ಟನ್ನು ಎದೆಗವಚಿಕೊಂಡಳು. ಬೈಯುವ ಹಕ್ಕೂ ಅವಳಿಗೆ ಉಳಿದಿರಲಿಲ್ಲ.

ಇಬ್ಬರೂ ಆಸ್ಪತ್ರೆಗೆ ಓಡಿದರು. ಅಮ್ಮನ ಬಲಗೈ ಅಲ್ಲಾಡುತ್ತಿರಲಿಲ್ಲ. ಫೆನ್ನಾ ಫೋಟೋವನ್ನು ಕಣ್ಣೆದುರು ಹಿಡಿದಳು. ಅಮ್ಮ ಬಹಳ ಹೊತ್ತು ನೋಡಿದಳು. ಎಡಗೈ ಎತ್ತಿ ಗಂಡನ ಕೆನ್ನೆ ಸವರಿದಳು.

"ತಡ... ಆಯ್ತು," ತೊದಲಿದಳು.

"ನನ್ನ ತಪ್ಪಮ್ಮ... ಇವನು ಬರ್ತಾ ಇರ್ಲಿ ಅಂತ ನಿನ್ನ ಕಾಯಿಸಿಬಿಟ್ಟೆ!" ಫೆನ್ನಾ ಹಾಸಿಗೆಗೆ ತಲೆಯಿಟ್ಟು ಅತ್ತಳು.

ಅಮ್ಮ ವಿಟ್ಸೆಯನ್ನು ಮೇಲಿಂದ ಕೆಳಗೆ ನೋಡಿದಳು. ತುಟಿಯ ಒಂದು ಮೂಲೆ ಮಾತ್ರ ಅಲುಗಿತು.

"ಇವನಿಗೋಸ್ಕರಾನಾ?... ಹೋಗಿ. ಕಾಫಿ ಕುಡೀರಿ. ನಾನೂ ಅವರೂ... ಸ್ವಲ್ಪ ಹೊತ್ತು ಇರ್ತೀವಿ."

ಆಸ್ಪತ್ರೆಯ ಕಾರಿಡಾರಿನಲ್ಲಿ ಇಬ್ಬರೂ ಕಾಫಿ ಹಿಡಿದು ನಿಂತರು. ಯಾರೂ ಕುಡಿಯಲಿಲ್ಲ.

"ಅಮ್ಮ ಹೋಗಿಬಿಟ್ಟಿದ್ರೆ ನಿನ್ನ ಮುಖ ನೋಡ್ತಿರ್ಲಿಲ್ಲ, ವಿಟ್ಸೆ. ಕನ್ನಡೀಲಿ ನನ್ನ ಮುಖಾನೂ."

"ನಂಗೂ ಹಾಗೇ ಆಗ್ತಿತ್ತು."

ಮೊದಲ ಸಲ ಅವನು ಕಣ್ಣು ತಪ್ಪಿಸದೆ ಅವಳನ್ನೇ ನೋಡಿದ.

"ಭಾನುವಾರ ಬರ್ಲಾ? ಅಮ್ಮನ್ನ ನೋಡೋಕೆ."

"ಇನ್ನು ಸುಳ್ಳು ಸಾಕು ಕಣೋ..."

"ಅಮ್ಮನ್ನೂ ನೋಡೋಕೆ. ನಿನ್ನನ್ನೂ ನೋಡೋಕೆ."

"ಬಾ," ಅಂದಳು ಫೆನ್ನಾ.