ಕುರಿ ಗೊರಸಿನ ಟೈರು

ಟೈರಿನ ಗೀರುಗಳಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನು ಒಂದೊಂದಾಗಿ ಕೀಳುತ್ತಿದ್ದೆ. ಸ್ಕ್ರೂಡ್ರೈವರಿನ ತುದಿ ಗೀರಿನೊಳಗೆ ಇಳಿಯಬೇಕು, ರಬ್ಬರಿಗೆ ಗಾಯವಾಗಬಾರದು. ಕಲ್ಲು ಚಿಮ್ಮಿ ತಗಡಿನ ಡಬ್ಬಿಗೆ ಬಿದ್ದಾಗ ಮಾತ್ರ ಸದ್ದು. ಅಪ್ಪ ಟ್ಯೂಬಿಗೆ ತೇಪೆ ಉಜ್ಜುತ್ತಿದ್ದ, ಮಾತಿಲ್ಲ. ಜೀಪಿಗೆ ಒರಗಿ ನಿಂತವನದೂ ಮಾತಿಲ್ಲ.

ಆದರೆ ಅವನು ನೋಡುತ್ತಿದ್ದ. ನೇರವಾಗಿ ಅಲ್ಲ, ಜೀಪಿನ ಪಕ್ಕದ ಕನ್ನಡಿಯಲ್ಲಿ. ಯಾವಾಗ ಅದನ್ನು ನನ್ನ ಕಡೆ ಬಗ್ಗಿಸಿಟ್ಟಿದ್ದನೋ! ತಲೆಯೆತ್ತಿದರೆ ಕನ್ನಡಿಯ ತುಂಬ ಅವನ ಕಣ್ಣು. ತಲೆ ತಗ್ಗಿಸಿದರೂ ಬೆನ್ನ ಮೇಲೆ ಅದೇ ಕಣ್ಣು.

ಶಿಕಾರಿಪುರದ ಮಾರ್ಕೆಟ್ ಯಾರ್ಡಿನ ಎದುರು ನಮ್ಮ ಟೈರ್ ಅಂಗಡಿ. ವೀರಬಸಪ್ಪನ ಅಂಗಡಿ ಎಂದರೆ ಯಾರಾದರೂ ತೋರಿಸುತ್ತಾರೆ. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು, ಅಂದಿನಿಂದ ಅಪ್ಪನ ಜೊತೆ ಇಲ್ಲೇ. ಬಂದವರ ಮುಖ ನೋಡಿ ಮಾತಾಡುವುದು ನನಗೆ ಆಗುತ್ತಿರಲಿಲ್ಲ. ಅವರ ಟೈರು ನೋಡುತ್ತಿದ್ದೆ. ಯಾರು ಅವಸರದವರು, ಯಾರು ಬ್ರೇಕ್ ತುಳಿದು ತುಳಿದು ಓಡಿಸುವವರು, ಟೈರೇ ಹೇಳುತ್ತಿತ್ತು.

ಗಿರೀಶನ ಟೈರು ಹೇಳಿದ್ದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ಅವನದು ಸೊರಬ ತಾಲ್ಲೂಕಿನ ಹೊಸಬಾಳೆ. ಅವನ ಅಪ್ಪ ಉಜ್ಜಪ್ಪನಿಗೆ ಕುರಿ ಮಂದೆ. ಸಂತೆಯ ದಿನ ಜೀಪಿನ ತುಂಬ ಕುರಿ, ಉಳಿದ ದಿನ ಜೀಪಿನ ತುಂಬ ಜನ. ಅವತ್ತೂ ಕುರಿ ಇಳಿಸಿ ಅಂಗಡಿಗೆ ಬಂದಿದ್ದ. ಕಲ್ಲು ಕಿತ್ತು ಮುಗಿಸಿ, ಗಾಳಿ ಹಾಕಲು ಹಿಂದಿನ ಟೈರಿನ ಪಕ್ಕೆಗೆ ಅಂಗೈ ಇಟ್ಟೆ. ಹಂಚಿನಿಂದ ಆಗಷ್ಟೇ ಇಳಿಸಿದ ರೊಟ್ಟಿಯ ಹಾಗೆ ಸುಟ್ಟಿತು.

"ಗಾಳಿ ಎಲ್ಲಿ ಇಳಿಸಿದ್ರಿ?" ಎಂದೆ, ಟೈರನ್ನೇ ನೋಡುತ್ತ.

"ಊರಲ್ಲೇ. ದೊಡ್ಡಿ ದಾರೀಲಿ ಕೆಸರು. ಗಾಳಿ ಕಮ್ಮಿ ಮಾಡ್ಲಿಲ್ಲ ಅಂದ್ರೆ ಗಾಡಿ ಮೇಲೇಳಲ್ಲ."

"ಸೊರಬದಲ್ಲಿ ಹಾಕಿಸ್ಕೋಬೇಕಿತ್ತು."

"ಅಲ್ಲಿ ಮಿಷನ್ ಕೆಟ್ಟಿತ್ತು."

"ಶಿರಾಳಕೊಪ್ಪದಲ್ಲಿ?"

"ಅಲ್ಲೂ ಕೆಟ್ಟಿತ್ತು."

"ಹೋದ ಸಂತೆಗೂ ಹಿಂಗೇ ಅಂದ್ರಿ."

"ಪಾಪ, ಇಬ್ರೂ ಇನ್ನೂ ರಿಪೇರಿ ಮಾಡ್ಸಿಲ್ಲ ನೋಡ್ರಿ," ಎಂದ ಗಿರೀಶ. ಮುಖದಲ್ಲಿ ನಗುವಿನ ಗೆರೆಯೂ ಇರಲಿಲ್ಲ. ಕನ್ನಡಿಯಲ್ಲಿ ಇತ್ತು.

ನನಗೂ ನಗು ಬಂತು. ಕೈ ಮಾತ್ರ ಇನ್ನೂ ಉರಿಯುತ್ತಿತ್ತು.

ಮೆತ್ತಗಿನ ಗಾಳಿ ಕೆಸರಿಗೆ ಒಳ್ಳೆಯದು, ಟೈರು ಅಗಲವಾಗಿ ಕೂತು ನೆಲ ಹಿಡಿಯುತ್ತದೆ. ಅದೇ ಗಾಳಿಯಲ್ಲಿ ಟಾರು ರಸ್ತೆಯ ಮೇಲೆ ಓಡಿಸಿದರೆ ಪಕ್ಕೆ ಮಡಚಿ ಮಡಚಿ ಒಳಗೊಳಗೇ ಬೇಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಹಾಗೆ ಬೆಂದು ಸಿಡಿದ ಒಂದು ಟೈರನ್ನು ಅಪ್ಪ ಬಾಗಿಲ ಬಳಿ ತೂಗುಹಾಕಿದ್ದ. ಬಾಯಿ ಬಿಟ್ಟುಕೊಂಡ ಹಾಗೆ ಸೀಳಿತ್ತು. ಅದರ ಡ್ರೈವರ್ ಹನುಮಂತಪ್ಪನನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ, ಆಮೇಲೆ ನೋಡಲಿಲ್ಲ.

ಗಿರೀಶ ಎರಡು ಕಡೆ ಗಾಳಿ ಮಿಷನ್ ದಾಟಿಕೊಂಡು ಬರುತ್ತಿದ್ದ, ನಾನು ಗಾಳಿ ಹಾಕಲಿ ಎಂದು. ನನಗೆ ಗೊತ್ತಾಗಿತ್ತು. ಗೊತ್ತಾಗಿದೆ ಎಂಬುದು ಅವನಿಗೂ ಗೊತ್ತಾಗಿತ್ತು. ನನ್ನ ಹತ್ತೊಂಬತ್ತು ವರ್ಷದಲ್ಲಿ ಯಾರೂ ನನಗಾಗಿ ಅಷ್ಟು ದೂರ ಬಂದಿರಲಿಲ್ಲ. ಆ ಸಂತೋಷದ ಕೆಳಗೇ ಆ ಬಿಸಿ.

ಗಾಳಿ ತುಂಬುವಾಗ ಎಡಗಡೆಯ ಹಿಂದಿನ ಟೈರಿನ ಪಕ್ಕೆಯಲ್ಲಿ ಒಂದು ಗುಳ್ಳೆ ಎದ್ದಿತು. ಅಡಿಕೆಯಷ್ಟೇ. ಬೆರಳಿನಿಂದ ಒತ್ತಿದೆ. ಒಳಗೆ ಏನೋ ಸರಿದ ಹಾಗಾಯಿತು.

"ಅಪ್ಪಾ, ಈ ಟೈರು ಬೇಡ," ಎಂದೆ.

ಅಪ್ಪ ಬಂದು ನೋಡಿದ. "ಗಿರೀಶಾ, ಇದನ್ನ ಬಿಚ್ಚಿಸಿಬಿಡೋ. ನಿಮ್ಮಪ್ಪನ್ನ ಕರ್ಕೊಂಡು ಬಾ, ಹೊಸದು ನೋಡಾನ."

ಮುಂದಿನ ಸಂತೆಗೆ ಉಜ್ಜಪ್ಪನೇ ಬಂದ. ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆಅಡಿಕೆ. ಅಂಗಡಿಯಲ್ಲಿ ಎರಡು ಬಗೆಯ ಟೈರಿದ್ದವು. ಒಂದು ನುಣುಪಾದ ರೋಡ್ ಟೈರು, ಉದ್ದ ಗೀರಿನದು. ಇನ್ನೊಂದು ಕೆಸರಿನ ಟೈರು, ಹೆಬ್ಬೆರಳುದ್ದದ ಹಲ್ಲಿನದು. ಉಜ್ಜಪ್ಪ ಸೀದಾ ಹಲ್ಲಿನ ಟೈರಿನ ಮೇಲೆ ಕೈಯಿಟ್ಟ.

"ಇದು ಕೊಡ್ರಿ. ಟ್ರ್ಯಾಕ್ಟರ್ ಟೈರ್ ಇದ್ದಂಗೈತೆ. ಹಲ್ಲು ಇದ್ದಷ್ಟೂ ಹಿಡಿತ."

"ಬ್ಯಾಡಪ್ಪ," ಎಂದ ಗಿರೀಶ. "ಹಳೇದೇ ಇರ್ಲಿ. ಇನ್ನೂ ಓಡ್ತದೆ."

"ಓಡ್ತದಂತೆ! ಗುಳ್ಳೆ ಎದ್ದಿರೋ ಟೈರು ಎಲ್ಲಿಗೆ ಓಡ್ತದಲೇ, ಸುಡುಗಾಡಿಗಾ?"

ಗಿರೀಶ ನನ್ನ ಕಡೆ ನೋಡಿದ. ಹಳೇದೇ ಇರಲಿ ಎಂದು ಅವನು ಯಾಕೆ ಅಂದನೆಂದು ನನಗೆ ತಿಳಿಯಿತು. ಸರಿಯಾದ ಟೈರು ಹಾಕಿಸಿದರೆ ಗಾಳಿ ಇಳಿಸುವ ಕೆಲಸವಿಲ್ಲ. ಗಾಳಿ ಇಳಿಸದಿದ್ದರೆ ಇಲ್ಲಿಗೆ ಬರುವ ನೆಪವಿಲ್ಲ.

ನಾನು ಸುಮ್ಮನಿರಬಹುದಿತ್ತು. ಬಾಗಿಲಲ್ಲಿ ಆ ಸೀಳಿದ ಟೈರು ಗಾಳಿಗೆ ಅಲ್ಲಾಡುತ್ತಿತ್ತು.

"ಹಲ್ಲಿಂದು ಬೇಡ ರೀ," ಎಂದೆ. ಜನರೆದುರು ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಒದ್ದೆ ಟಾರಿನ ಮೇಲೆ ಹಲ್ಲಿನ ತುದಿ ಮಾತ್ರ ನೆಲ ಮುಟ್ಟುತ್ತೆ. ಬ್ರೇಕ್ ಹಾಕಿದ್ರೆ ಜಾರುತ್ತೆ. ರೋಡ್ ಟೈರ್ ಹಾಕಿದ್ರೆ ನಿಮ್ಮ ದೊಡ್ಡಿ ಹತ್ರ ಹೂತ್ಕೊಳ್ಳುತ್ತೆ."

"ಮತ್ತೆ ಹಾರ್ಕೊಂಡು ಹೋಗ್ಬೇಕೇನವ್ವಾ?" ಎಂದ ಉಜ್ಜಪ್ಪ.

"ನಿಮ್ಮ ಕುರಿ ಗೊರಸು ಹೆಂಗಿರ್ತದೆ?"

ಉಜ್ಜಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ.

"ಅಂಚು ಗಟ್ಟಿ, ನಡುವೆ ಮೆತ್ತಗೆ. ಕೆಸರಲ್ಲಿ ಅಂಚು ಹಿಡೀತದೆ, ಬಂಡೆ ಮೇಲೆ ನಡು ಹಿಡೀತದೆ. ಅಂಥ ಟೈರ್ ಬಂದೈತೆ ಈಗ. ಅಂಚಿಗೆ ಹಲ್ಲು, ನಡುವೆ ಒತ್ತೊತ್ತಾಗಿ ಕೂಡಿಸಿದ ಚಪ್ಪಟೆ ರಬ್ಬರ್ ಕಟ್ಟೆ. ಗದ್ದೆಗೂ ಆಗ್ತದೆ, ಟಾರಿಗೂ ಆಗ್ತದೆ. ಗಾಳಿ ಇಳಿಸೋದೇ ಬೇಡ."

ಕೊನೆಯ ಮಾತು ಹೇಳುವಾಗ ಗಿರೀಶನ ಕಡೆ ನೋಡಲಿಲ್ಲ.

"ಎಲಾ ಇದರ! ಕುರಿ ಕಾಯೋ ನನಗೆ ಈ ಹುಡುಗಿ ಗೊರಸು ತೋರಿಸ್ತಾಳಲ್ಲೋ!" ಎಂದು ಉಜ್ಜಪ್ಪ ಗಟ್ಟಿಯಾಗಿ ನಕ್ಕ. "ನಾಲ್ಕೂ ಅದನ್ನೇ ತರಿಸ್ರಿ ವೀರಬಸಪ್ನೋರೇ."

ಅಪ್ಪ ನಗಲಿಲ್ಲ. ನನ್ನನ್ನು ನೋಡಿದ, ಜೀಪಿನ ಕನ್ನಡಿ ನೋಡಿದ. ನಿಧಾನವಾಗಿ ಹೋಗಿ ಆ ಕನ್ನಡಿಯನ್ನು ರಸ್ತೆಯ ಕಡೆಗೆ ತಿರುಗಿಸಿಟ್ಟು ಬಂದ.

ಟೈರು ಶಿವಮೊಗ್ಗದಿಂದ ಸೋಮವಾರ ಬರಬೇಕು ಎಂದಾಯಿತು. ಹಿರಿಯರಿಬ್ಬರೂ ಚಹಾಕ್ಕೆ ಹೋದಾಗ ನಾನು ಪೈಪು ಹಿಡಿದು ಹಳೇ ಟೈರಿಗೆ ಗಾಳಿ ಹಾಕುತ್ತಿದ್ದೆ. ಗಿರೀಶ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ನಾನು ಬರೋದು ಬ್ಯಾಡ ಅಂತ ಆ ಟೈರ್ ಹೇಳಿದ್ರಾ?"

"ಬರೋದು ಬೇಡ ಅಂತ ಅಲ್ಲ." ಗಾಳಿಯ ಸದ್ದಿನಲ್ಲಿ ನನ್ನ ಮಾತು ಮುಚ್ಚಿಹೋಯಿತು. ಪೈಪು ತೆಗೆದೆ. "ಬಂದು ಮುಟ್ಟಲಿ ಅಂತ."

ವಾಲ್ವಿನ ಪುಟ್ಟ ಮುಚ್ಚಳ ಅವನ ಅಂಗೈಯಲ್ಲಿತ್ತು. ನಾನು ಕೈ ಚಾಚಿದೆ. ಅವನು ಮುಚ್ಚಳವನ್ನು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದು ಕ್ಷಣ ಅಲ್ಲೇ ಬಿಟ್ಟ. ಗ್ರೀಸು, ಉಣ್ಣೆ, ಬೀಡಿಯ ವಾಸನೆ.

"ಗಾಳಿ ನೆಪ ಇಲ್ದೆ ಬಂದ್ರೆ ನಿಮ್ಮಪ್ಪ ಏನು ಅಂತ ಕೇಳಲ್ವಾ?"

"ಕೇಳ್ಲಿ," ಎಂದೆ. "ಏನಾದ್ರೂ ಹೇಳಿ."

"ನಿಜ ಹೇಳ್ಲಾ?"

ನಾನು ಮುಚ್ಚಳ ತಿರುಗಿಸುತ್ತ ತಲೆಯಾಡಿಸಿದೆ. ಅವನ ಮುಖ ನೋಡುವ ಧೈರ್ಯ ಬರಲಿಲ್ಲ. ಟೈರಿನ ಆ ಗುಳ್ಳೆ ನನ್ನ ಕಣ್ಣೆದುರೇ ಇತ್ತು. ಈಗ ನಿಂಬೆಕಾಯಿಯಷ್ಟಾಗಿತ್ತು.

"ಸೋಮವಾರದವರೆಗೆ ಗಾಡಿ ತೆಗೀಬೇಡಿ," ಎಂದೆ. "ತೆಗೆದ್ರೂ ಸೊರಬದಲ್ಲಿ ಗಾಳಿ ಹಾಕಿಸ್ಕೊಂಡೇ ಬನ್ನಿ. ಮಿಷನ್ ಕೆಟ್ಟಿಲ್ಲ ಅಂತ ನಂಗೊತ್ತು."

ಅವನು ನಕ್ಕ. "ಸೋಮವಾರ ಬರ್ತೀನಿ. ಎರಡು ಕೆಲಸ ಐತೆ, ಟೈರಿಂದು ಒಂದು, ನಿಮ್ಮಪ್ಪನ ಹತ್ರ ಮಾತಾಡೋದು ಒಂದು."

ಸೋಮವಾರ ಬೆಳಿಗ್ಗೆ ಟೈರು ಬಂದವು. ಹೊಸ ರಬ್ಬರಿನ ವಾಸನೆ ಅಂಗಡಿ ತುಂಬಿತು. ನಾನು ನಾಲ್ಕನ್ನೂ ಒರೆಸಿ ಸಾಲಾಗಿ ನಿಲ್ಲಿಸಿದೆ. ಚಕ್ರದಡಿ ಇಡಲು ನಿಂಬೆಹಣ್ಣು ತಂದಿಟ್ಟೆ. ಅಂಚಿನ ಹಲ್ಲು ಮುಟ್ಟಿ ನೋಡಿದೆ, ನಡುವಿನ ಕಟ್ಟೆ ಮುಟ್ಟಿ ನೋಡಿದೆ. ಮಳೆ ಬಿಟ್ಟಿತ್ತು. ಬಿಸಿಲು ಬಂದು ರಸ್ತೆ ಒಣಗಿ ಕರ್ರಗೆ ಹೊಳೆಯುತ್ತಿತ್ತು. ಅದು ನನಗೆ ಹಿಡಿಸಲಿಲ್ಲ. ಬಿಸಿಲಿನಲ್ಲಿ ಟಾರೂ ಕಾಯುತ್ತದೆ.

ಮಧ್ಯಾಹ್ನ ಸೊರಬದ ಬಸ್ಸು ಬಂತು. ಹೊಸಬಾಳೆಯ ಹಾಲಮ್ಮ ಬೆಣ್ಣೆ ಬುಟ್ಟಿ ಇಳಿಸಿಕೊಂಡು ಎಂದಿನಂತೆ ನಮ್ಮ ಕಟ್ಟೆಗೆ ಬಂದು ಕೂತಳು.

"ಉಸ್ಸಪ್ಪಾ! ಗಂಗಾ, ಒಂದು ಲೋಟ ನೀರು ಕೊಡವ್ವಾ. ಗಿರೀಶ ಎಲ್ಲಿ, ಊಟಕ್ಕೆ ಹೋದ್ನಾ?"

"ಇನ್ನೂ ಬಂದಿಲ್ಲ."

"ಬಂದಿಲ್ವಾ? ನಮಗಿಂತ ಮೊದಲೇ ಹೊಂಟನಲ್ಲ! ಸೊರಬದ ಸ್ಟ್ಯಾಂಡಲ್ಲಿ ನೋಡಿದ್ನಿ, ಗಾಡಿ ತುಂಬ ಕುರಿ, ಸಂತೆ ಅಲ್ದಿದ್ರೂ ಯಾರೋ ಕೊಂಡವ್ರಿಗೆ ಒಯ್ತಿದ್ನಂತೆ. ಗಾಳಿ ಕಮ್ಮಿ ಐತಲೇ, ಹಾಕ್ಸು ಅಂದ್ರು ಅಲ್ಲಿಯೋರು. ಇವತ್ತು ಬಿಚ್ಚಿಸೋ ಟೈರಿಗೆ ಇವತ್ಯಾಕೆ ಗಾಳಿ ಅಂತ ನಕ್ಕೊಂಡು ಹೋದ. ಹೊಸ ಶರ್ಟ್ ಹಾಕಿದ್ದ."

ಲೋಟ ಹಿಡಿದ ನನ್ನ ಕೈ ಅಲ್ಲೇ ನಿಂತಿತು.

"ದಾರೀಲಿ ಸಿಗ್ಲಿಲ್ವಾ?"

"ಎಲ್ಲಿ ಸಿಕ್ಕ? ನಮ್ಮ ಬಸ್ಸೇ ತಡ ಆತು. ಶಿರಾಳಕೊಪ್ಪ ದಾಟಿದ ಮ್ಯಾಲೆ ಕೆರೆ ಏರಿ ಹತ್ರ ಯಾರದೋ ಕುರಿ, ರಸ್ತೆ ತುಂಬ. ಡ್ರೈವರ್ ಹಾರನ್ ಬಾರಿಸಿ ಬಾರಿಸಿ ಸಾಕಾದ. ಕಾಯೋರು ಅಂತ ಒಬ್ರೂ..."

ಹಾಲಮ್ಮ ಮಾತು ಮುಗಿಸಲಿಲ್ಲ. ಅವು ಯಾರ ಗಾಡಿಯ ಕುರಿಯೆಂದು ಅವಳಿಗೂ ಆಗಲೇ ಹೊಳೆದಿರಬೇಕು.

ಅಪ್ಪ ಗಾಳಿ ಮಿಷನ್ ಬಂದ್ ಮಾಡಿದ. ಅವನು ಕೈ ಕೂಡ ತೊಳೆಯದೆ ಸ್ಕೂಟರಿನ ಸ್ಟ್ಯಾಂಡ್ ತೆಗೆದು ಕಿಕ್ ಹೊಡೆದ. ನಾನು ಓಡಿ ಹೋಗಿ ಹಿಂದಿನ ಸೀಟು ಹಿಡಿದುಕೊಂಡೆ. ಎದುರಿನ ಹೋಟೆಲಿನವರು, ಯಾರ್ಡಿನ ಹಮಾಲರು, ಎಲ್ಲರೂ ನೋಡುತ್ತಿದ್ದರು. ನೋಡಲಿ ಎನಿಸಿತು.

ಅಪ್ಪ ತಿರುಗಲಿಲ್ಲ. ಸ್ಕೂಟರಿನ ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು, ನನ್ನದೂ ಕಂಡಿತು.

"ಅಪ್ಪಾ, ನನ್ನನ್ನೂ ಕರ್ಕೊಂಡು ಹೋಗು."